ಮದರಾಸಿನ ಹಲಗೆಗೆ ಊರಿಗಾಮಿನ ತಂತಿ

ಬಂಗಾರಪೇಟೆಯಿಂದ ಬರುವ ಮೊದಲ ರೈಲು ಚಿನ್ನದ ಗಣಿಯ ಊರಾದ ಊರಿಗಾಮಿನಲ್ಲಿ ಪೂರ್ತಿ ನಿಲ್ಲುವ ತನಕ ಕಾಯುವಷ್ಟು ತಾಳ್ಮೆ ಈ ಶನಿವಾರ ಮುನಿಶಾಮಮ್ಮನವರಿಗಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲ ಕಂಬಿ ಹಿಡಿದು, ಒಂದು ಕಾಲನ್ನು ಆಗಲೇ ಹೊರಗಿಟ್ಟಿದ್ದಾರೆ.

"ಯಮ್ಮೋ, ಬಿದ್ದು ಸತ್ತೋದ್ರೆ ಗಾರ್ಡಿನ ತಲೆ ಮೇಲೆ ಬತ್ತದೆ!" ಎಂದು ಹಿಂದಿನಿಂದ ಯಾರೋ ಕೂಗುತ್ತಾರೆ.

"ಸಾಯೋಕೂ ಪುರುಸೊತ್ತಿಲ್ಲ ಕಣಪ್ಪಾ ಇವತ್ತು," ಎಂದು ತಿರುಗಿಯೂ ನೋಡದೆ ಇಳಿದೇ ಬಿಡುತ್ತಾರೆ.

ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳ ಮೇಲೆ ಇನ್ನೂ ಬೂದಿಬಣ್ಣದ ಬೆಳಕು. ರಾತ್ರಿ ಪಾಳಿಯವರು ನೆಲದೊಳಗಿಂದ ಮೇಲೆ ಬಂದು, ಕಣ್ಣು ಕಿರಿದು ಮಾಡಿಕೊಂಡು, ಮಾತಿಲ್ಲದೆ ತಮ್ಮ ತಮ್ಮ ಲೈನುಮನೆಗಳ ಕಡೆ ಹೊರಟಿದ್ದಾರೆ. ಗುಂಪಿನಲ್ಲಿ ಯಾರೋ ಒಬ್ಬರು ಕೆಮ್ಮುತ್ತಾರೆ. ಮುನಿಶಾಮಮ್ಮ ಗಕ್ಕನೆ ನಿಂತು ನೋಡುತ್ತಾರೆ. ಅವರ ತಮ್ಮನಲ್ಲ. ಮತ್ತೆ ನಡಿಗೆ ಓಟವಾಗುತ್ತದೆ.

ಗಣಿ ಕಚೇರಿಯ ಹಿಂಬದಿಗೆ ಹೆಂಚಿನ ಸೂರಿನ ಉದ್ದನೆಯ ಕೋಣೆಯೊಂದಿದೆ. ಊರಿನವರ ಬಾಯಲ್ಲಿ ಅದು 'ಮಿಷನ್ ರೂಮು'. ಕಾವಲುಗಾರ ಬೀಗ ತೆಗೆಯುತ್ತಿದ್ದಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಮುನಿಶಾಮಮ್ಮ ದೊಡ್ಡ ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮೇಜಿನ ಮೇಲೆ ನಿನ್ನೆ ಸಂಜೆ ಯಂತ್ರ ಅಚ್ಚು ಹಾಕಿ ಕೊಟ್ಟ ಹೆಸರುಗಳ ಪಟ್ಟಿ ಬಿದ್ದಿದೆ. ಅದನ್ನು ಮೇಲಿನಿಂದ ಕೆಳಗೆ ಓದುತ್ತಾರೆ, ಕೆಳಗಿನಿಂದ ಮೇಲೆ ಓದುತ್ತಾರೆ. ನಿನ್ನೆ ಸಂಜೆ ಓದಿದಾಗ ಕಣ್ಣು ತಪ್ಪಿರಬಹುದೆಂದು ರೈಲಿನಲ್ಲಿ ಬರುವಾಗ ಒಂದಿಷ್ಟು ಆಸೆ ಇತ್ತು. ಈಗ ಅದೂ ಇಲ್ಲ. ತಮ್ಮ ಕೋದಂಡಪ್ಪನ ಹೆಸರು ಪಟ್ಟಿಯಲ್ಲಿಲ್ಲ.

ಮಧ್ಯಾಹ್ನದ ಸೈರನ್ ಕೂಗುವ ಹೊತ್ತಿಗೆ ಜೀಪು ಬಂದು ಈ ಪಟ್ಟಿಯನ್ನು ಆಸ್ಪತ್ರೆಗೆ ಒಯ್ಯುತ್ತದೆ. ಎದೆಯ ಚಿತ್ರ ತೆಗೆಯುವ ವೈದ್ಯರು ಮದರಾಸಿನಿಂದ ಬರುವುದು ವರ್ಷಕ್ಕೊಂದು ಸಲ. ಪಟ್ಟಿಯಲ್ಲಿದ್ದವರ ಎದೆಯನ್ನು ಮಾತ್ರ ಅವರು ನೋಡುತ್ತಾರೆ. ಕಲ್ಲಿನ ಧೂಳು ಕೂತ ಎದೆಯವರನ್ನು ಗಣಿಯ ಒಳಗಿನಿಂದ ಮೇಲಿನ ಕೆಲಸಕ್ಕೆ ಹಾಕಿಸುತ್ತಾರೆ. ಪಟ್ಟಿ ತಪ್ಪಿದವನು ಇನ್ನೊಂದು ವರ್ಷ ಆ ಧೂಳನ್ನೇ ಕುಡಿಯಬೇಕು. ಕೋದಂಡಪ್ಪ ಡ್ರಿಲ್ಲು ಹಿಡಿಯುವವನು. ಅವನು ಉಂಡು ಎದ್ದು ಕೈ ತೊಳೆಯುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಲ್ಲುತ್ತಾನೆ.

ಅಜ್ಜಿಯರು ಹೇಳುವ ಕಥೆಯಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿರುವುದಿಲ್ಲ, ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಈ ಯಂತ್ರದ ಸಂಗತಿಯೂ ಹಾಗೆಯೇ. ಎಮ್ಮೆಯಂತೆ ಕಪ್ಪಗೆ ಮೂಲೆ ತುಂಬಿ ನಿಂತಿದ್ದರೂ ಅದಕ್ಕೆ ಸ್ವಂತ ಬುದ್ಧಿ ಎಳ್ಳಷ್ಟೂ ಇಲ್ಲ. ಬುದ್ಧಿಯೆಲ್ಲ ಕಬ್ಬಿಣದ ಬೀರುವಿನಲ್ಲಿ ಸಾಲಾಗಿ ಜೋಡಿಸಿಟ್ಟ ಹಲಗೆಗಳಲ್ಲಿದೆ. ಹಲಗೆಯ ತುಂಬ ತೂತು, ತೂತಿನಿಂದ ತೂತಿಗೆ ತಂತಿ. ಒಂದು ಹಲಗೆ ಸಿಕ್ಕಿಸಿದರೆ ಯಂತ್ರ ಹಾಜರಿ ಕೂಡುತ್ತದೆ, ಇನ್ನೊಂದು ಸಿಕ್ಕಿಸಿದರೆ ಗಣಿಯೊಳಗೆ ಇಳಿದ ಮರಮುಟ್ಟಿನ ಲೆಕ್ಕ ಹೇಳುತ್ತದೆ. ಆ ಹಲಗೆಗಳಿಗೆ ತಂತಿ ಹೆಣೆಯುವ ಕೈ ಮುನಿಶಾಮಮ್ಮನವರದು. ಗಣಿಗಿಳಿಯುವ ಸಾವಿರಾರು ಗಂಡಸರಲ್ಲಿ ಈ ಹೆಸರು ಕೇಳಿದವರು ಬೆರಳೆಣಿಕೆಯಷ್ಟೂ ಇರಲಾರರು. ಕಚೇರಿಯಲ್ಲಿ ಮಾತ್ರ ಅವರು 'ಬೋರ್ಡಮ್ಮ'.

ಹುಟ್ಟಿದ್ದು ಬೂದಿಕೋಟೆಯ ಕಡೆ. ರಾಗಿಹೊಲ ಮೂರು ಜನ ಅಣ್ಣತಮ್ಮಂದಿರಿಗೆ ಸಾಲದೆ ಅಪ್ಪ ಗಣಿಗೆ ಬಂದರು. ಮಗಳನ್ನು ಗಣಿಯವನಿಗೇ ಕೊಟ್ಟರು. ದೊಡ್ಡ ಏರ್ ಬ್ಲಾಸ್ಟ್ ಆಗಿ ನೆಲದಡಿಯ ಬಂಡೆ ಸಿಡಿದ ವರ್ಷ, ಒಳಗಿದ್ದವರಲ್ಲಿ ಮುನಿಶಾಮಮ್ಮನ ಗಂಡನೂ ಒಬ್ಬ. ಗಂಡ ಹೋದ ಹೆಂಗಸರಿಗೆ ಕಚೇರಿ ಕೆಲಸ ಕೊಟ್ಟಾಗ ಇವರ ಪಾಲಿಗೆ ಬಂದದ್ದು, ಯಂತ್ರ ಓದಲೆಂದು ಒಬ್ಬೊಬ್ಬ ಆಳಿನ ವಿವರಕ್ಕೆ ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆಯುವ ಕೋಣೆ. ಬಂಗಾರಪೇಟೆಯ ಗಂಡನ ಮನೆ ಬಿಡದೆ, ದಿನವೂ ರೈಲಿನಲ್ಲಿ ಬಂದು ಹೋಗುವುದು ಅಂದಿನಿಂದ.

"ಊವಾ ಕಟ್ಟೋ ಕೈ ನಂದು," ಎನ್ನುತ್ತಾರೆ. "ತೂತು ಒಡಿಯೋದು ಯಾರ ಕೈಲಾದ್ರೂ ಆಯ್ತದೆ. ತಂತಿ ಮಾತ್ರ ಮಲ್ಲಿಗೆ ದಾರ ಇದ್ದಂಗೆ. ಒಂದು ಗಂಟು ಬಿಗಿಯಾದ್ರೆ ಊವಾ ಮುರೀತದೆ, ಸಡಿಲಾದ್ರೆ ಬೀಳ್ತದೆ. ಇಂಜಿನೀರು ಒಬ್ರು ಬಂದು ತೋರಿಸಿಕೊಟ್ರು. ಬೋ ಒಳ್ಳೇರು. ಆರು ತಿಂಗಳು ಬೈದ್ರು, ಏಳನೇ ತಿಂಗಳು ಬೀರು ಬೀಗ ಕೈಗೆ ಕೊಟ್ರು."

ಎಲ್ಲ ಹಲಗೆಯನ್ನೂ ಇಲ್ಲಿಯೇ ಹೆಣೆಯುವುದಿಲ್ಲ. ಕೆಲವು ಲೆಕ್ಕಗಳು ಊರಿಗಾಮಿಗೆ ದಕ್ಕುವಂಥವಲ್ಲ. ಅಂಥವನ್ನು ಹೊರಗಿನವರು ಹೆಣೆದು, ಹಿಂಬದಿಗೆ ಸೀಸದ ಮುದ್ರೆ ಒತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ಬಂದ ಹಲಗೆಗೆ ಬೀರುವಿನಲ್ಲಿ ಒಂದು ಜಾಗ ಕೊಡಬೇಕು, ಒಂದು ಬಣ್ಣದ ದಾರ ಕಟ್ಟಬೇಕು. ಯಂತ್ರದ ಚೌಕಟ್ಟಿನಲ್ಲಿ ಎರಡು ಹಲಗೆಗೆ ಎಡೆಯಿದೆ. ಎಡಕ್ಕೆ ನಮ್ಮದು, ಬಲಕ್ಕೆ ಹೊರಗಿನದು. ಲೆಕ್ಕ ಯಾವ ತೂತಿನಲ್ಲಿ ಒಳಗೆ ಹೋಗಬೇಕು, ಉತ್ತರ ಯಾವ ತೂತಿನಲ್ಲಿ ಹೊರಗೆ ಬರಬೇಕು ಎಂದು ನೋಡಿ ಎರಡನ್ನೂ ತಂತಿಯಿಂದ ಕೂಡಿಸಬೇಕು. ಹೊರಗಿನ ಹಲಗೆಯೊಳಗೆ ಏನಿದೆ ಎಂದು ಬಿಚ್ಚಿ ನೋಡುವಂತಿಲ್ಲ.

"ಸೊಸೆ ತಂದಂಗೆ ಅದು," ಎಂದು ಮುನಿಶಾಮಮ್ಮ ನಗುತ್ತಾರೆ. "ಉಪ್ಪು ಎಲ್ಲೈತೆ, ನೀರು ಎಲ್ಲೈತೆ ಅಂತ ತೋರಿಸ್ಬೇಕು. ಆಮೇಲೆ ಒಲೆ ಮುಂದೆ ನಿಂತ್ಕಂಡು ಯಾಕಂಗೆ ಮಾಡ್ತೀಯ ಅನ್ನಬಾರ್ದು. ಸಾರು ಚೆಂದಾಗಿದ್ರೆ ಉಣ್ಣೋದು."

ಈ ವಾರ ಬಂದ ಸೊಸೆ ಮದರಾಸಿನವಳು. ಒಬ್ಬ ಆಳು ಗಣಿಯೊಳಗೆ ಎಷ್ಟು ವರ್ಷ ದುಡಿದ, ಧೂಳು ಹೆಚ್ಚಿರುವ ಕೆಲಸವೋ ಕಡಿಮೆಯದೋ ಎಂಬುದನ್ನು ಗುಣಿಸಿ, ಯಾರ ಎದೆಯನ್ನು ಮೊದಲು ನೋಡಬೇಕೆಂದು ಹೇಳುವ ಹಲಗೆ ಅದು. ಗುರುವಾರ ಪಾರ್ಸೆಲಿನಲ್ಲಿ ಬಂತು. ಶುಕ್ರವಾರ ತಂತಿ ಕೂಡಿಸಿ ಕಾರ್ಡು ಓಡಿಸಿದ್ದಾಯಿತು. ಹೊರಗಿನವರ ಹಲಗೆ, ತಿಳಿದವರು ಮಾಡಿದ್ದು ಎಂಬ ನಂಬಿಕೆಯಲ್ಲಿ ನಾಲ್ಕು ಕಾರ್ಡು ಕೈಯಿಂದ ಲೆಕ್ಕ ಹಾಕಿ ತಾಳೆ ನೋಡುವ ಎಂದಿನ ರೂಢಿಯನ್ನು ಮುನಿಶಾಮಮ್ಮ ಈ ಸಲ ಬಿಟ್ಟರು. ಅದೇ ಈಗ ಮುಳ್ಳಾಗಿ ಚುಚ್ಚುತ್ತಿದೆ.

ಎದ್ದು ಕಾರ್ಡಿನ ಡಬ್ಬಿ ಎಳೆದು ತಮ್ಮನ ಕಾರ್ಡು ಹುಡುಕುತ್ತಾರೆ. ಕೂರುತ್ತಾರೆ. ಮತ್ತೆ ಏಳುತ್ತಾರೆ. ತನ್ನ ತಮ್ಮನೆಂದು ತನಗೆ ಹೀಗೆ ಕಾಣುತ್ತಿದೆಯೋ ಏನೋ, ಬೇರೆ ಯಾರಾದರೂ ಹೀಗೆ ತಪ್ಪಿಹೋಗಿದ್ದಾರೆಯೇ? ಊರಿಗಾಮಿನ ಲೈನಿನಲ್ಲಿ ಪೆರುಮಾಳ್ ಎಂಬ ಹಿರಿಯ ಆಳಿದ್ದಾರೆ. ಅವರು ಕೆಮ್ಮಲು ಶುರು ಮಾಡಿದರೆ ಸಾಲುಮನೆಗಳ ಕೋಳಿಗಳು ಎದ್ದು ಕೂಗುತ್ತವೆಂದು ಜನ ತಮಾಷೆ ಮಾಡುತ್ತಾರೆ. ಆ ಪೆರುಮಾಳ್ ಹೆಸರೂ ಪಟ್ಟಿಯಲ್ಲಿಲ್ಲ.

ಎರಡು ಕಾರ್ಡನ್ನೂ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಕಾರ್ಡಿನ ಒಂದೊಂದು ಸಾಲನ್ನೂ ಇಲ್ಲಿಯ ಹೆಂಗಸರು ಅಳಗುಳಿಮಣೆಯ ಗುಳಿಗಳಂತೆ 'ಮನೆ' ಎನ್ನುತ್ತಾರೆ. ದುಡಿದ ವರ್ಷಕ್ಕೆ ಎರಡು ಮನೆ. ಕೋದಂಡಪ್ಪನದು ಇಪ್ಪತ್ತು ವರ್ಷ. ಮೊದಲ ಮನೆಯಲ್ಲಿ ಎರಡರ ತೂತು ಇದೆ, ಎರಡನೆಯ ಮನೆ ಖಾಲಿ. ಪೆರುಮಾಳ್ ಅವರದು ಮೂವತ್ತು ವರ್ಷ. ಮೂರರ ತೂತು ಇದೆ, ಪಕ್ಕದ ಮನೆ ಖಾಲಿ.

ಮುನಿಶಾಮಮ್ಮ ಹಣೆ ಚಚ್ಚಿಕೊಳ್ಳುತ್ತಾರೆ.

ಕಾರ್ಡಿಗೆ ತೂತು ಹೊಡೆಯುವ ಪಕ್ಕದ ಕೋಣೆಯಲ್ಲಿ ಬದುಕಿರುವವನ ವರ್ಷದ ಮನೆಗೆ ಯಾರೂ ಸೊನ್ನೆ ಹೊಡೆಯುವುದಿಲ್ಲ. ಹತ್ತಾದರೆ ಒಂದು ಹೊಡೆದು ಪಕ್ಕದ್ದನ್ನು ಖಾಲಿ ಬಿಡುತ್ತಾರೆ. ಖಾಲಿ ಮನೆಯನ್ನು ಸೊನ್ನೆ ಎಂದೇ ಓದು ಎಂದು ಮುನಿಶಾಮಮ್ಮ ತಮ್ಮ ಹಲಗೆಗಳಿಗೆ ಎಷ್ಟೋ ವರ್ಷದ ಕೆಳಗೆ ತಂತಿಯಲ್ಲಿ ಹೇಳಿಟ್ಟಿದ್ದಾರೆ. ಹೇಳಿಟ್ಟದ್ದು ಅವರಿಗೇ ಮರೆತುಹೋಗಿತ್ತು. ಮದರಾಸಿನ ಹಲಗೆಗೆ ಈ ಊರಿನ ಪದ್ಧತಿ ಯಾರು ಹೇಳಬೇಕು? ಅದು ಖಾಲಿಯನ್ನು ದಾಟಿಕೊಂಡು ಇಪ್ಪತ್ತನ್ನು ಎರಡೆಂದು ಓದಿದೆ, ಮೂವತ್ತನ್ನು ಮೂರೆಂದು ಓದಿದೆ. ಡ್ರಿಲ್ಲು ಹಿಡಿದು ಹತ್ತು, ಇಪ್ಪತ್ತು, ಮೂವತ್ತು ವರ್ಷ ತುಂಬಿದವರೆಲ್ಲ ಅದರ ಲೆಕ್ಕದಲ್ಲಿ ನಿನ್ನೆ ಮೊನ್ನೆ ಬಂದ ಹೈಕಳು.

ಕಚೇರಿಗೆ ಬಂದ ಮೇಲ್ವಿಚಾರಕ ರಾಮಚಂದ್ರಪ್ಪನವರು ಟೋಪಿ ತೆಗೆಯುವ ಮೊದಲೇ ವಿಷಯ ಕೇಳಬೇಕಾಗುತ್ತದೆ. ಕೇಳುತ್ತ ಕೇಳುತ್ತ ಅವರ ಮುಖ ಇಳಿಯುತ್ತದೆ.

"ಮುದ್ರೆ ಮಾತ್ರ ಒಡೀಬೇಡ ತಾಯಿ. ಅದರೊಳಗೆ ಏನಿದೆಯೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಒಂದು ತಂತಿ ಅತ್ತಿತ್ತ ಆದರೆ ಇರೋ ಪಟ್ಟಿಯೂ ಹೋಯ್ತು." ಪೆನ್ನಿನ ಮುಚ್ಚಳ ತೆಗೆದು ಮುಂದೆ ನೀಡುತ್ತಾರೆ. "ತಮ್ಮನ ಹೆಸರು ಕೈಯಲ್ಲಿ ಬರೆದುಬಿಡಮ್ಮ. ಆ ಪೆರುಮಾಳ್ ಹೆಸರೂ ಬರಿ. ನಾನು ರುಜು ಹಾಕ್ತೀನಿ."

ಮುನಿಶಾಮಮ್ಮನ ಕೈ ಪೆನ್ನಿಗೆ ಹೋಗುತ್ತದೆ. ಬೆರಳು ಅದನ್ನು ಹಿಡಿಯುತ್ತದೆ ಕೂಡ. ಆಮೇಲೆ ಮೇಜಿನ ಮೇಲಿಟ್ಟು ಬಿಡುತ್ತಾರೆ.

"ಮಿಕ್ಕೋರ ಅಕ್ಕಂದಿರು ಈ ರೂಮಿನಾಗೆ ಇಲ್ವಲ್ಲ ಸಾರ್."

ರಾಮಚಂದ್ರಪ್ಪನವರು ಗಡಿಯಾರ ನೋಡುತ್ತಾರೆ. ಖಾಲಿ ಮನೆಯಿರುವ ಕಾರ್ಡುಗಳನ್ನೆಲ್ಲ ಕೈಯಿಂದ ಆರಿಸಿ ಲೆಕ್ಕ ಹಾಕಲು ವಾರ ಬೇಕು. ಹಾಗಾದರೆ ಪಕ್ಕದ ಕೋಣೆಯ ಹೆಂಗಸರೆಲ್ಲ ಸೇರಿ ಖಾಲಿ ಮನೆಗಳಿಗೆ ಸೊನ್ನೆ ಹೊಡೆದುಕೊಡಲಿ, ಹತ್ತು ಕೈ ಸೇರಿದರೆ ಎಷ್ಟು ಹೊತ್ತು ಎಂದು ಅವರೇ ಎದ್ದು ಕೇಳಲು ಹೋಗುತ್ತಾರೆ. ಅಲ್ಲಿ ಎಲ್ಲರಿಗಿಂತ ಹಿರಿಯಳು ಅಕ್ಕಯ್ಯಮ್ಮ. ಆಕೆ ತೂತು ಹೊಡೆಯುವ ಯಂತ್ರದ ಮೇಲಿಂದ ಕೈಯನ್ನೇ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾಳೆ.

"ಬದುಕಿರೋ ಮಗನ ಮನೆಗೆ ಸೊನ್ನೆ ಒಡಿಯಲ್ಲ ಸಾಮಿ. ಬೇರೆ ಏನಾದ್ರೂ ಯೋಳಿ, ನೆಲ ಸಾರಿಸಾ ಅನ್ನಿ, ಸಾರಿಸ್ತೀನಿ."

"ಕಾರ್ಡಮ್ಮ ಅದು! ರಟ್ಟು! ರಟ್ಟಿಗೆ ತೂತು ಬಿದ್ರೆ ಮನುಷ್ಯನಿಗೆ ಏನಾಗುತ್ತೆ?"

"ಆ ವರ್ಷ ನೀವಿರಲಿಲ್ಲ ಬಿಡಿ," ಎಂದಷ್ಟೇ ಅಕ್ಕಯ್ಯಮ್ಮ ಹೇಳುತ್ತಾಳೆ.

ಆ ವರ್ಷ ಎಂದರೆ ಏರ್ ಬ್ಲಾಸ್ಟಿನ ವರ್ಷ. ಒಳಗೇ ಉಳಿದುಹೋದವರ ಕಾರ್ಡುಗಳಲ್ಲಿ ವರ್ಷದ ಎರಡು ಮನೆಗೂ ಸೊನ್ನೆ ಹೊಡೆದು ಬೇರೆ ಡಬ್ಬಿಗೆ ಹಾಕಿ ಎಂದು ಮೇಲಿನಿಂದ ಮಾತು ಬಂತು. ಲೈನುಗಳಲ್ಲಿ ಇನ್ನೂ ಅಳು ನಿಂತಿರಲಿಲ್ಲ. ಇದೇ ಬೆಂಚಿನ ಮೇಲೆ ಕೂತು ಅಕ್ಕಯ್ಯಮ್ಮ ಅಕ್ಕಪಕ್ಕದ ಮನೆಗಳ ಗಂಡಸರಿಗೆಲ್ಲ ಒಬ್ಬೊಬ್ಬರಂತೆ ಸೊನ್ನೆ ಹೊಡೆದಳು. ಮುನಿಶಾಮಮ್ಮನ ಗಂಡನಿಗೂ ಹೊಡೆದವಳು ಅವಳೇ. ಆಮೇಲೆ ಆ ಬೆಂಚಿಗೆ ಬಂದ ಹೆಂಗಸರಲ್ಲಿ ಹೆಚ್ಚಿನವರು ಆ ಗಂಡಸರ ಹೆಂಡತಿಯರು. ಸೊನ್ನೆ ಹೊಡೆಯಬಾರದೆಂದು ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಕೈಗಳೇ ಕಲಿತುಕೊಂಡವು.

ಬಾಗಿಲಲ್ಲಿ ನಿಂತಿದ್ದ ಮುನಿಶಾಮಮ್ಮ ಒಳಗೆ ಬರುತ್ತಾರೆ. "ಯಾರೂ ಒಡೀಬ್ಯಾಡ್ರಿ. ನಾನೂ ಒಡಿ ಅನ್ನಲ್ಲ. ಅಕ್ಕಯ್ಯಮ್ಮಾ, ಒಂದು ಮಾತು ಕೇಳ್ತೀನಿ. ಕಾರ್ಡು ಇದ್ದಂಗೇ ಇರ್ತದೆ, ಅದರ ಮೇಲೆ ತೂತು ಬೀಳಲ್ಲ. ನನ್ನ ಬೋರ್ಡಿಗೂ ಮದರಾಸಿನ ಬೋರ್ಡಿಗೂ ನಡುವೆ ಒಂದು ತಂತಿ ಆಕ್ತೀನಿ. ಖಾಲಿ ಮನೆ ಬಂದಾಗ ಆ ತಂತಿ ಒಳಗೆ ಸೊನ್ನೆ ಓಡ್ತದೆ. ಅದಾಗಬಹುದಾ?"

ಅಕ್ಕಯ್ಯಮ್ಮ ಯೋಚಿಸುತ್ತಾಳೆ. ಇಡೀ ಕೋಣೆ ಅವಳ ಮುಖ ನೋಡುತ್ತದೆ.

"ತಂತೀಲಿ ತಾನೆ? ಓಡ್ಲಿ ಬಿಡಮ್ಮಣ್ಣಿ. ತಂತಿಗೇನು ತಾಳಿ ಐತಾ?"

ಹೆಂಗಸರು ಕಿಸಕ್ಕನೆ ನಗುತ್ತಾರೆ. ಆ ಬೆಳಗ್ಗೆ ಅಲ್ಲಿ ಕೇಳಿಸಿದ ಮೊದಲ ನಗು ಅದು.

ಮುನಿಶಾಮಮ್ಮ ಸ್ಟೂಲಿನ ಮೇಲೆ ಕೂತು ಹಲ್ಲಿನಿಂದಲೇ ತಂತಿಯ ಕಟ್ಟಿನ ದಾರ ಬಿಚ್ಚುತ್ತಾರೆ. ಎಡದ ಹಲಗೆಯಿಂದ ಬಲದ ಹಲಗೆಗೆ ಒಂದೊಂದೇ ತಂತಿ ಸೇರುತ್ತದೆ. ಬೆವರಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಹೊರಗೆ ಯಾವುದೋ ವಾಹನದ ಸದ್ದಾದರೂ ಕುತ್ತಿಗೆ ಹೊರಳುತ್ತದೆ. ಕೊನೆಗೆ ಗುಂಡಿ ಒತ್ತಿದರೆ ಯಂತ್ರ ಗಡಗಡಿಸಿ ಕಾರ್ಡು ನುಂಗುತ್ತದೆ, ಪಟ್ಟಿ ಉಗುಳತೊಡಗುತ್ತದೆ.

ರಾಮಚಂದ್ರಪ್ಪನವರು ಮೊದಲ ಹೆಸರುಗಳನ್ನು ಓದಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ಏನಮ್ಮ ಇದು? ಹೋದ ದೀಪಾವಳಿಗೆ ಸೇರಿದ ಹುಡುಗನ ಎದೇಲಿ ಹತ್ತು ವರ್ಷದ ಧೂಳಂತೆ! ಗಣಿಯೊಳಗೆ ಹುಟ್ಟಿದ್ನಾ ಇವನು?"

ಮುನಿಶಾಮಮ್ಮ ಯಂತ್ರ ನಿಲ್ಲಿಸಿ ಹಲಗೆಯ ಹತ್ತಿರ ಮೂಗು ತರುತ್ತಾರೆ. ಆತುರದಲ್ಲಿ ತಂತಿ ತಪ್ಪು ಕಡೆ ಕೂತಿದೆ. ಲೆಕ್ಕ ಮದರಾಸಿನ ಹಲಗೆಯೊಳಕ್ಕೆ ಹೋಗುವಾಗ ಸೇರಬೇಕಾದ ಸೊನ್ನೆ, ಉತ್ತರ ಹೊರಗೆ ಬರುವಾಗ ಸೇರಿಕೊಂಡು, ಎಲ್ಲರ ಧೂಳನ್ನೂ ಹತ್ತರಷ್ಟು ಮಾಡಿದೆ.

"ಸಾರು ಇಳಿಸಿದ ಮೇಲೆ ಉಪ್ಪು ಸುರಿದಂಗಾಯ್ತು," ಎಂದು ತಮಗೆ ತಾವೇ ಬೈದುಕೊಳ್ಳುತ್ತಾರೆ. "ಮುಂಡೇದಕ್ಕೆ ಕಣ್ಣು ಎಲ್ಲಿತ್ತೋ."

ತಂತಿ ಕಿತ್ತು ಮತ್ತೆ ಹೆಣೆಯುತ್ತಾರೆ. ಈ ಸಲ ರೂಢಿ ಬಿಡುವುದಿಲ್ಲ. ಹೊತ್ತು ಮೀರುತ್ತಿದೆ ಎಂದು ರಾಮಚಂದ್ರಪ್ಪನವರು ಕೋಣೆಯ ಉದ್ದಕ್ಕೂ ತಿರುಗುತ್ತಿದ್ದರೂ ಮೊದಲು ನಾಲ್ಕೇ ಕಾರ್ಡು ಓಡಿಸಿ, ಬೆರಳು ಮಡಿಸಿ ಗುಣಿಸಿ, ತಾಳೆ ನೋಡುತ್ತಾರೆ. ಹತ್ತು ವರ್ಷದವನು ಹತ್ತಾಗಿಯೇ ಬರುತ್ತಾನೆ. ಒಂಬತ್ತರವನು ಒಂಬತ್ತರಲ್ಲೇ ಉಳಿಯುತ್ತಾನೆ. ಆಮೇಲೆ ಇಡೀ ಡಬ್ಬಿಯನ್ನು ಯಂತ್ರದ ಬಾಯಿಗೆ ಕೊಡುತ್ತಾರೆ.

ಕಾರ್ಡುಗಳು ಮುಗಿಯುವ ಮೊದಲೇ ಸೈರನ್ ಕೂಗುತ್ತದೆ. ಜೀಪು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಚಾಲಕ ಹಾರನ್ ಒತ್ತುತ್ತಾನೆ. ಅಕ್ಕಯ್ಯಮ್ಮ ಹೊರಗೆ ಹೋಗಿ, "ಮಜ್ಜಿಗೆ ಕುಡಿಯಪ್ಪಾ, ಬಿಸಿಲಾಗೆ ಬಂದಿದ್ದೀಯ, ಯಾರ ಮಗ ನೀನು?" ಎಂದು ಅವನ ಕುಲಗೋತ್ರವನ್ನೆಲ್ಲ ಕೇಳತೊಡಗುತ್ತಾಳೆ. ಒಳಗೆ ಪಟ್ಟಿ ಉದ್ದವಾಗುತ್ತದೆ. ನಿನ್ನೆಯದಕ್ಕಿಂತ ಬಹಳ ಉದ್ದ. ಪೆರುಮಾಳ್ ಹೆಸರು ಬರುತ್ತದೆ. ಇನ್ನೂ ಯಾರು ಯಾರದೋ ತಮ್ಮಂದಿರ, ಅಪ್ಪಂದಿರ ಹೆಸರು ಬರುತ್ತವೆ. ಕೋದಂಡಪ್ಪನ ಹೆಸರು ಬಂದಾಗ ಮುನಿಶಾಮಮ್ಮ ಕಾಗದವನ್ನು ಮುಟ್ಟುವುದಿಲ್ಲ. ಯಂತ್ರದ ಅಂಚನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. ಪಟ್ಟಿ ಜೀಪು ಹತ್ತುತ್ತದೆ.

ಮರುವಾರ ಸಂಜೆ, ಊರಿಗಾಂ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಕಡೆಯಿಂದ ಬರುವ ರೈಲಿಗೆ ಕಾಯುತ್ತಿರುವ ಮುನಿಶಾಮಮ್ಮನನ್ನು ಹುಡುಕಿಕೊಂಡು ಕೋದಂಡಪ್ಪ ಬರುತ್ತಾನೆ. ವೈದ್ಯರು ಎದೆಯ ಚಿತ್ರ ನೋಡಿದ್ದಾರೆ. ಇನ್ನು ಒಳಗೆ ಇಳಿಯಕೂಡದೆಂದು ಬರೆದುಕೊಟ್ಟಿದ್ದಾರೆ. ಅವನ ಮುಖ ಕೆಂಡವಾಗಿದೆ.

"ಏನಕ್ಕಾ ಮಾಡ್ಬಿಟ್ಟೆ ನೀನು? ದೀಪದ ರೂಮಿಗೆ ಆಕವ್ರೆ ನನ್ನ! ಒಳಗೋಗೋರ ದೀಪ ಒರೆಸಿ ಒರೆಸಿ ಕೊಡಬೇಕಂತೆ. ಇಪ್ಪತ್ತು ವರ್ಷ ಡ್ರಿಲ್ಲು ಇಡ್ಕಂಡ ಕೈ ಇದು! ನನ್ನ ಜತೇಲಿ ಇಳೀತಿದ್ದೋರು ಏನಂತಾರೆ? 'ಏನ್ಲಾ ಕೋದಂಡ, ಅಕ್ಕನ ಸೆರಗು ಇಡ್ಕಂಡು ಮೇಲ್ ಬಂದ್ಯಾ' ಅಂತಾರೆ. ಮೊದಲನೇ ಪಟ್ಟೀಲಿ ನನ್ನೆಸ್ರು ಇರಲಿಲ್ವಂತೆ. ಸುಮ್ನೆ ಬಿಡೋಕೇನಾಗಿತ್ತು ನಿಂಗೆ?"

ಪ್ಲಾಟ್‌ಫಾರಂ ಮೇಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ತಮ್ಮ ಬೈಯುತ್ತಾನೆ, ನಡುವೆ ಕೆಮ್ಮು ಬಂದು ಕಂಬ ಹಿಡಿದು ಬಗ್ಗುತ್ತಾನೆ, ಕೆಮ್ಮು ನಿಂತ ಮೇಲೆ ಬಿಟ್ಟಲ್ಲಿಂದಲೇ ಮತ್ತೆ ಬೈಯಲು ಶುರು ಮಾಡುತ್ತಾನೆ. ರೈಲು ಬಂದು ಅಕ್ಕ ಹತ್ತಿ ಕೂತ ಮೇಲೂ ಕಿಟಕಿಯ ಪಕ್ಕದಲ್ಲೇ ನಡೆಯುತ್ತ ಒಂದಿಷ್ಟು ದೂರ ಬೈಯುತ್ತ ಬರುತ್ತಾನೆ. ಆಮೇಲೆ ಹಿಂದೆ ಉಳಿಯುತ್ತಾನೆ.

ಹೀಗೆ ನಾಲ್ಕು ಜನರ ಮುಂದೆ ಅನ್ನಿಸಿಕೊಂಡರೆ ಬೇಸರವಾಗುವುದಿಲ್ಲವೇ ಎಂದು ಎದುರಿಗೆ ಕೂತ ಹೆಂಗಸು ಕೇಳಿದರೆ ಮುನಿಶಾಮಮ್ಮ ಕಿಟಕಿಯ ಹೊರಗೆ ನೋಡುತ್ತಾರೆ. ಬಂಗಾರಪೇಟೆ ಬರುವ ತನಕ ಕೈಬೆರಳುಗಳು ಸೆರಗಿನ ಎಳೆಗಳನ್ನು ಹೆಣೆಯುತ್ತ ಬಿಚ್ಚುತ್ತ ಇರುತ್ತವೆ.

"ಬೈಲಿ ಬಿಡಿ," ಎನ್ನುತ್ತಾರೆ. "ದಿನಾ ಬಂದು ಬೈಲಿ. ಬೈಯೋಕೆ ಅವನಿಗೆ ಉಸಿರಿರ್ಲಿ. ಅಷ್ಟೇ ನಂಗೆ."